ನೂರ ನಲವತ್ತನೇ ಪುಟದವರೆಗೆ

ಆ ಪುಸ್ತಕದ ಬೆನ್ನಿಗೆ ಹೃದಯ ಅಂಟಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಊರಿನಲ್ಲಿ ಇದರ ಬಗ್ಗೆ ಮೂರು ಬಗೆಯ ಮಾತು ಹುಟ್ಟಿಕೊಂಡಿತು. ಮೂರರಲ್ಲೂ ತಪ್ಪು ಬೇರೆ ಯಾರದೋ ಆಗಿತ್ತು.

ಕಡಲತಡಿಯ ನಮ್ಮ ಸಣ್ಣ ಊರು ಪೋರ್ಟ್ ಟ್ರೆವೆಲ್‌ನಲ್ಲಿ ಶಾಲೆಗೂ ಊರಿಗೂ ಸೇರಿ ಒಂದೇ ಗ್ರಂಥಾಲಯ. ಅದಕ್ಕೆ ಎರಡು ಬಾಗಿಲು, ಒಂದು ಆಟದ ಅಂಗಳಕ್ಕೆ, ಒಂದು ರಸ್ತೆಗೆ. ಬೆಳಿಗ್ಗೆ ಗೋಧಿ ಬೆಳೆಯುವ ಮುದುಕರು ರಸ್ತೆಯ ಬಾಗಿಲಿನಿಂದ ಬಂದು ಪತ್ರಿಕೆ ಹರವಿಕೊಂಡು ಕೂರುತ್ತಾರೆ. ಊಟದ ಬಿಡುವಿನಲ್ಲಿ ಮಕ್ಕಳು ಅಂಗಳದ ಬಾಗಿಲಿನಿಂದ ನುಗ್ಗುತ್ತಾರೆ. ಮಾರ್ಲೀನ್ ಇಲ್ಲಿನ ಗ್ರಂಥಪಾಲಕಿ, ಶಾಲೆಯ ಶಿಕ್ಷಕಿಯೂ ಹೌದು. ನಾನು ಸಹಾಯಕಿ. ಯಾವ ಪುಸ್ತಕ ತರಿಸಬೇಕು ಎನ್ನುವುದು ಅವಳ ಕೆಲಸ. ತರಿಸಿದ ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಸಿ, ಬೆನ್ನಿಗೆ ಚೀಟಿ ಅಂಟಿಸುವುದು ನನ್ನದು.

ಹದಿಹರೆಯದವರ ಪುಸ್ತಕಗಳಿಗೆ ಬಣ್ಣದ ಚೀಟಿ ಹಚ್ಚುತ್ತೇವೆ. ಕೆಂಪು ಹೃದಯವೆಂದರೆ ಪ್ರೇಮಕಥೆ. ಬೂದು ಬಣ್ಣದ ಚೌಕವೆಂದರೆ ‘ಬದುಕು’. ಕುಡುಕ ಅಪ್ಪ, ಬಸುರಾದ ಹುಡುಗಿ, ತನ್ನ ತೋಳನ್ನು ತಾನೇ ಕೊಯ್ದುಕೊಳ್ಳುವ ಹುಡುಗ, ಇಂಥವರೆಲ್ಲ ಬೂದು ಚೌಕದವರು. ಮಕ್ಕಳು ಅದನ್ನು ಗೋಳಿನ ಕಪಾಟು ಎಂದೇ ಕರೆಯುತ್ತಾರೆ. ಅದರ ಮುಂದೆ ಹಾದುಹೋಗುವಾಗ, “ಮಿಸ್, ಇದ್ರಲ್ಲಿ ಯಾರ್ ಸಾಯ್ತಾರೆ? ನಾಯೀನಾ ಅಜ್ಜೀನಾ?” ಎಂದು ಕೂಗಿ ನಗುತ್ತಾರೆ. ಒಂದು ಪುಸ್ತಕಕ್ಕೆ ಒಂದೇ ಚೀಟಿ. ಎರಡು ಹಚ್ಚುವಂತಿಲ್ಲ, ಅದು ಮಾರ್ಲೀನಳ ನಿಯಮ.

ಶುಕ್ರವಾರ ಮಧ್ಯಾಹ್ನ ಮೂವತ್ತು ಪುಸ್ತಕಗಳ ಪೆಟ್ಟಿಗೆ ಬಂದರೆ ಒಂದೊಂದನ್ನೂ ಓದಿ ಚೀಟಿ ಹಚ್ಚಲಾಗುವುದಿಲ್ಲ. ಗ್ರಂಥಾಲಯ ಸಹಾಯಕರ ಸಂಜೆ ತರಗತಿಯಲ್ಲಿ ನಮಗೆ ಕಲಿಸಿದ್ದೂ ಅಷ್ಟೇ: ಮುಖಪುಟ ನೋಡಿ, ಹಿಂಬದಿ ನೋಡಿ, ಮೊದಲ ಪುಟ ನೋಡಿ. ಆ ಪುಸ್ತಕದ ಹೆಸರು ‘ಡೇನ್ ಬರುವ ದಾರಿ’. ಮುಖಪುಟದಲ್ಲಿ ದೋಣಿ ಕಟ್ಟುವ ಜೆಟ್ಟಿಯ ಮೇಲೆ ಹುಡುಗನ ಜಾಕೆಟ್ ಹೊದ್ದ ಹುಡುಗಿ, ಹಿಂದೆ ಕಿತ್ತಳೆ ಬಣ್ಣದ ಸಮುದ್ರ. ಹಿಂಬದಿಯಲ್ಲಿ ಒಂದೇ ಸಾಲು, ‘ಅವಳನ್ನು ಬಿಟ್ಟು ಅವನು ಇರಲಾರ.’ ನಾನು ಹೃದಯ ಅಂಟಿಸಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಮುಂದಿನ ಪುಸ್ತಕ ತೆಗೆದುಕೊಂಡೆ.

ಅದನ್ನು ಮೊದಲು ಒಯ್ದವಳು ಟೀಗನ್. ಜೆಟ್ಟಿ ರಸ್ತೆಯ ಬೇಕರಿಯ ಕೆರಿನ್‌ಳ ಮಗಳು, ಹತ್ತನೇ ತರಗತಿ, ಹದಿನೈದು ವರ್ಷ. ಕೆರಿನ್ ಮತ್ತು ನಾನು ಆರು ವರ್ಷದಿಂದ ಒಂದೇ ನೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದೆವು. ಟೀಗನ್ ಪುಸ್ತಕ ವಾಪಸು ಕೊಟ್ಟಳು, ವಾರ ಬಿಟ್ಟು ಮತ್ತೆ ಒಯ್ದಳು. ಮತ್ತೆ ಕೊಟ್ಟಳು, ಮತ್ತೆ ಒಯ್ದಳು. ಒಬ್ಬ ಹುಡುಗಿ ಒಂದು ಪುಸ್ತಕವನ್ನು ಅಷ್ಟು ಹಚ್ಚಿಕೊಂಡದ್ದು ಕಂಡು ನನಗೆ ಹೆಮ್ಮೆಯೇ ಆಗಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ವಾಪಸು ಬಂದ ಪುಸ್ತಕಗಳನ್ನು ಮಗುಚಿ ಕೊಡವುವುದು ನನ್ನ ಕೆಲಸಗಳಲ್ಲೊಂದು. ಈ ಊರಿನಲ್ಲಿ ಎಲ್ಲ ಪುಸ್ತಕದಿಂದಲೂ ಮರಳು ಉದುರುತ್ತದೆ. ಮೇ ತಿಂಗಳಲ್ಲಿ, ನಾಲ್ಕನೇ ಸಲ ಅದು ವಾಪಸಾದಾಗ ಪುಟಗಳನ್ನು ಗಮನಿಸಿದೆ. ಮೊದಲ ಅರ್ಧ ಒಗೆದ ಬಟ್ಟೆಯಂತೆ ಮೆತ್ತಗಾಗಿತ್ತು, ಅಂಚು ಮಡಚಿತ್ತು, ಒಂದು ಕಡೆ ಟೊಮೆಟೊ ಸಾಸಿನ ಕಲೆ. ನೂರ ನಲವತ್ತನೇ ಪುಟ ದಾಟಿದ ಮೇಲೆ ಹಾಳೆಗಳು ಅಂಗಡಿಯಿಂದ ಬಂದಷ್ಟೇ ಗರಿಗರಿಯಾಗಿದ್ದವು. ಮನೆಗೆ ಒಯ್ದು ಓದಿದೆ.

ಮೊದಲ ಅರ್ಧದಲ್ಲಿ ಡೇನ್ ಎಂಬ ಹುಡುಗ ಮಿಕಾ ಎಂಬ ಹುಡುಗಿಯನ್ನು ಪ್ರೀತಿಸುತ್ತಾನೆ. ಶಾಲೆಯ ಗೇಟಿನಲ್ಲಿ ದಿನವೂ ಕಾಯುತ್ತಾನೆ. ಗಂಟೆಗೊಂದು ಸಂದೇಶ ಕಳಿಸುತ್ತಾನೆ. ಅವಳು ಉತ್ತರಿಸಲಿಲ್ಲವೆಂದು ನಲವತ್ತು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದು ಅವಳ ಕಿಟಕಿಯ ಕೆಳಗೆ ನಿಲ್ಲುತ್ತಾನೆ. ಬರೆದವರು ಬುದ್ಧಿವಂತರು, ಓದುವವರಿಗೂ ಅವನ ಮೇಲೆ ಮನಸ್ಸಾಗಬೇಕು ಹಾಗೆ ಬರೆದಿದ್ದರು. ನೂರ ನಲವತ್ತೊಂದನೇ ಪುಟದಲ್ಲಿ ಅವನು ಉಪ್ಪಿನ ಕೆರೆಯ ದಾರಿಯಲ್ಲಿ ಗಾಡಿ ನಿಲ್ಲಿಸಿ, ಅವಳ ಫೋನ್ ಕಿತ್ತುಕೊಂಡು, ಕೈ ತಿರುಚುತ್ತಾನೆ. ಅಲ್ಲಿಂದ ಮುಂದೆ ಅದು ಪ್ರೇಮಕಥೆಯೇ ಅಲ್ಲ.

ಹುಡುಗಿ ಸಿಹಿಯನ್ನಷ್ಟೇ ಓದಿ, ಕಹಿ ಬರುವ ಹೊತ್ತಿಗೆ ಪುಸ್ತಕ ಮುಚ್ಚುತ್ತಿದ್ದಾಳೆ ಎಂದುಕೊಂಡೆ. ನನ್ನ ಹೃದಯ ನೋಡಿಯೇ ಅವಳು ಅದನ್ನು ಕೈಗೆತ್ತಿಕೊಂಡಿದ್ದಳು.

ಇದು ಬರೀ ಪುಸ್ತಕದ ಚಿಂತೆಯಾಗಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆದರೆ ದಿನವೂ ಊಟದ ಬಿಡುವಿಗೆ ಐದು ನಿಮಿಷ ಮೊದಲು ರಸ್ತೆಯ ಬಾಗಿಲಿನಿಂದ ಜೆಡ್ ರೋಡಾ ಒಳಗೆ ಬರುತ್ತಿದ್ದ. ಹತ್ತೊಂಬತ್ತು ವರ್ಷದವನು, ಧಾನ್ಯ ತುಂಬಿಡುವ ಸೈಲೋ ಗೋಪುರಗಳಲ್ಲಿ ಕೆಲಸ, ಫುಟ್‌ಬಾಲ್ ಕ್ಲಬ್ಬಿನ ಕಣ್ಮಣಿ. ಅಂಗಳದ ಬಾಗಿಲಿಗೆ ನೇರವಾಗಿರುವ ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂರುತ್ತಿದ್ದ. ಟೀಗನ್ ಬಂದು ಅವನ ಪಕ್ಕದಲ್ಲಿ ಕೂತು ತನ್ನ ಊಟ ಮುಗಿಸುತ್ತಿದ್ದಳು. ಮೊದಲು ಅವಳ ಜೊತೆ ಇರುತ್ತಿದ್ದ ಇಬ್ಬರು ಗೆಳತಿಯರು ಬರುವುದನ್ನು ನಿಲ್ಲಿಸಿದ್ದರು.

ಆಗಸ್ಟ್‌ನಲ್ಲಿ ಧೈರ್ಯ ಮಾಡಿ ಮಾರ್ಲೀನ್‌ಗೆ ಹೇಳಿದೆ.

“ಅವನು ದಿನಾ ಬಂದು ಕೂರ್ತಾನೆ, ಮಾರ್ಲೀನ್. ಅವಳನ್ನ ಕಾಯೋಕೆ.”

“ಪೇಪರ್ ಓದೋಕೆ ಬರ್ತಾನೆ.”

“ಆ ಪೇಪರನ್ನ ತಲೆಕೆಳಗೆ ಕೊಟ್ರೂ ಅವನಿಗೆ ಗೊತ್ತಾಗಲ್ಲ.”

“ಗ್ಲೆನಿಸ್, ಅವನ ಹತ್ರ ಕಾರ್ಡ್ ಇದೆ. ಊರಿನ ಸದಸ್ಯ. ಹುಡುಗಿ ನೋಡಿ ನಗ್ತಾನೆ ಅಂತ ಆಚೆ ಹಾಕಿದ್ರೆ ನಾಳೆ ಅವರಪ್ಪ ಕೌನ್ಸಿಲ್‌ನಲ್ಲಿ ಎದ್ದು ನಿಲ್ತಾನೆ. ನೀನು ಬಂದು ಉತ್ತರ ಕೊಡ್ತೀಯಾ?”

“ಆ ಪುಸ್ತಕದ ಚೀಟಿಯಾದ್ರೂ ಬದಲಾಯಿಸ್ಲಾ? ಅದು ಹೃದಯ ಅಲ್ಲ.”

“ಹೃದಯ ಇರೋದಕ್ಕೇ ಅದು ಹೊರಗೆ ಹೋಗ್ತಿದೆ. ಬೂದು ಹಚ್ಚು, ಮತ್ತೆ ಅದನ್ನ ಮುಟ್ಟೋದು ನೀನೊಬ್ಳೇ, ಅದೂ ಧೂಳು ಒರೆಸೋಕೆ.” ಅವಳು ಕಂಪ್ಯೂಟರಿನ ಕಡೆ ತಿರುಗಿದಳು. “ನಿನ್ನ ಇಲ್ಲಿ ಅಂಟಿಸೋಕೆ ಇಟ್ಕೊಂಡಿರೋದು ಕಣೇ, ಓದೋಕಲ್ಲ.”

ಮಂಗಳವಾರ ಬೆಳಿಗ್ಗೆ ಅವಳು ಬರುವ ಮೊದಲೇ ನಾನು ಹೃದಯದ ಮೇಲೆ ಬೂದು ಚೌಕ ಅಂಟಿಸಿದೆ. ಪುಸ್ತಕವನ್ನು ಗೋಳಿನ ಕಪಾಟಿನಲ್ಲಿಟ್ಟೆ. ನೂರ ನಲವತ್ತೊಂದನೇ ಪುಟದಲ್ಲಿ ಒಂದು ಕಾಗದ ಸಿಕ್ಕಿಸಿದೆ. ಅದರ ಮೇಲೆ, ‘ಇಲ್ಲಿಂದ ಮುಂದೆಯೂ ಓದು, ದಯವಿಟ್ಟು’ ಎಂದು ಬರೆದಿದ್ದೆ. ‘ದಯವಿಟ್ಟು’ ಬೇಕೇ ಬೇಡವೇ ಎಂದು ಎರಡು ಸಲ ಹೊಡೆದುಹಾಕಿ ಎರಡು ಸಲ ಬರೆದೆ. ಅಷ್ಟು ಮಾಡಿದ್ದಕ್ಕೇ ಏನೋ ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ.

ಮಧ್ಯಾಹ್ನ ಟೀಗನ್ ಕೆಂಪು ಚೀಟಿಗಳ ಸಾಲಿನಲ್ಲಿ ಎರಡು ಸಲ ಬೆರಳಾಡಿಸಿ ನನ್ನ ಮೇಜಿಗೆ ಬಂದಳು.

“ಮಿಸ್, ನನ್ ಬುಕ್ ಯಾರ್ ತಗೊಂಡ್ರು?”

“ಯಾರೂ ಇಲ್ಲ. ಅಲ್ಲಿದೆ ನೋಡು.”

ಅವಳು ಬೂದು ಕಪಾಟಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ. “ಗೋಳಿಗೆ ಹಾಕ್ಬಿಟ್ರಾ? ಯಾಕೆ?”

“ಪೂರ್ತಿ ಓದಿದ್ರೆ ಗೊತ್ತಾಗತ್ತೆ.”

“ಓಹೋ,” ಎಂದಳು. ನನ್ನನ್ನು ಅವಳು ದ್ವೇಷದಿಂದ ನೋಡಿದ್ದು ಅದೇ ಮೊದಲು. “ನೀವೀಗ ಟೀಚರ್ ಬೇರೆ ಆದ್ರಾ?”

“ನಾಲ್ಕ್ ನಿಮಿಷ ಆಯ್ತು, ಬೇಬ್,” ಎಂದ ಜೆಡ್ ಕುರ್ಚಿಯಿಂದಲೇ. ದನಿ ಏರಿಸಲಿಲ್ಲ. ಪತ್ರಿಕೆಯನ್ನು ಮಾತ್ರ ಮಡಚಿ ತೊಡೆಯ ಮೇಲೆ ಇಟ್ಟುಕೊಂಡ. ಟೀಗನ್‌ಳ ಭುಜ ಕಿವಿಯವರೆಗೆ ಏರಿ ಹಾಗೇ ನಿಂತಿತು.

“ಅವಳು ನನ್ನ ಜೊತೆ ಮಾತಾಡ್ತಿದಾಳೆ,” ಎಂದೆ.

“ಮಾತಾಡ್ಲಿ, ಯಾರ್ ಬೇಡ ಅಂದ್ರು?” ಅವನು ನಕ್ಕ. ಚಂದದ ಹಲ್ಲುಗಳು ಅವನದು. “ನೀವ್ ಮಾತಾಡೋದು ಯಾವತ್ತು ಮುಗ್ದಿದೆ, ಗ್ಲೆನಿಸ್? ನಮ್ಮಜ್ಜಿ ಹೇಳ್ತಾಳೆ, ನಿಮ್ಮ ಹತ್ರ ಪುಸ್ತಕ ತಗೊಳೋಕೆ ಹೋದ್ರೆ ಊಟ ಕಟ್ಕೊಂಡ್ ಹೋಗ್ಬೇಕು ಅಂತ.”

ಪತ್ರಿಕೆ ಓದುತ್ತಿದ್ದ ಇಬ್ಬರು ಮುದುಕರು ಗೊಳ್ಳೆಂದು ನಕ್ಕರು. ಟೀಗನ್ ಗೋಳಿನ ಕಪಾಟಿನಿಂದ ಪುಸ್ತಕ ಕಿತ್ತುಕೊಂಡು, ಕಾರ್ಡನ್ನು ಮೇಜಿನ ಮೇಲೆ ಎಸೆದು, ಹೋಗಿ ಅವನ ಪಕ್ಕ ಕೂತಳು.

ಮರುದಿನ ಶಾಲೆ ಬಿಟ್ಟ ಮೇಲೆ, ರಸ್ತೆಯ ಬಾಗಿಲಿನಿಂದ ಕೆರಿನ್ ಬಂದಳು. ಮೈಮೇಲೆ ಹಿಟ್ಟು ಮೆತ್ತಿದ ಏಪ್ರನ್ ಹಾಗೇ ಇತ್ತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಟೀಗನ್‌ಳ ಬ್ಯಾಗಿನ ಪಟ್ಟಿ. ಪಟ್ಟಿಯ ತುದಿಯಲ್ಲಿ ಟೀಗನ್. ಮುದುಕರು ಮನೆಗೆ ಹೋಗಿಯಾಗಿತ್ತು. ಮಾರ್ಲೀನ್ ಹಿಂದಿನ ಕೋಣೆಯಲ್ಲಿದ್ದಳು.

ಕೆರಿನ್ ಪುಸ್ತಕವನ್ನು ನನ್ನ ಮುಂದೆ ಕುಕ್ಕಿದಳು. ಅದರ ಮೇಲೆ ನನ್ನ ಕಾಗದ.

“ಇದು ನಿನ್ನ ಅಕ್ಷರ.”

“ಹೌದು.”

“ನೀನು ಓದು ಅಂದ ಜಾಗದಿಂದ ನಾನೇ ಓದ್ದೆ, ಗ್ಲೆನಿಸ್. ಬೆಳಿಗ್ಗೆ ಮೂರಕ್ಕೆ ಎದ್ದು ಬ್ರೆಡ್ ಹಾಕೋಳು ನಾನು, ಕೂತ್ಕೊಂಡು ಇದನ್ನ ಓದ್ದೆ. ಕೈ ತಿರುಚೋದು, ಗಾಡಿಯಿಂದ ತಳ್ಳೋದು. ನನ್ನ ಮಗಳಿಗೆ ಏನ್ ಹೇಳೋಕ್ ಹೊರಟಿದೀಯ ನೀನು? ಜೆಡ್ ಇಂಥವನು ಅಂತಾನಾ?”

“ನಾನು ಜೆಡ್ ಹೆಸರು ಎತ್ತಿಲ್ಲ.”

“ಎತ್ತೋ ಧೈರ್ಯ ಎಲ್ಲಿದೆ ನಿನಗೆ? ಚೀಟಿ ಬರೀತೀಯ. ಇಸ್ಕೂಲ್ ಹುಡುಗೀರ ಥರ.” ಅವಳು ಪುಸ್ತಕದ ಬೆನ್ನನ್ನು ಉಗುರಿನಿಂದ ಕೆರೆದಳು. ಬೂದು ಚೌಕದ ಮೂಲೆ ಎದ್ದು ಕೆಳಗಿನ ಕೆಂಪು ಕಂಡಿತು. “ನೋಡು. ಮೊದ್ಲು ಹೃದಯ. ಆಮೇಲೆ ಇದು. ಇದೇನ್ ಪುಸ್ತಕ ಅಂತ ನಿನಗೇ ಗೊತ್ತಿಲ್ಲ, ನನ್ನ ಮನೆ ವಿಷಯ ಗೊತ್ತಾ?”

ಈ ಮಾತು ಸರಿಯಾಗಿಯೇ ನಾಟಿತು. ಪುಸ್ತಕಕ್ಕೆ ಹೃದಯ ಹಚ್ಚಿದ್ದು ತಪ್ಪು ಎಂದು ನನ್ನನ್ನು ನಾನು ಬೈದುಕೊಂಡಿದ್ದೆ. ಬೂದು ಹಚ್ಚಿದ್ದೂ ತಪ್ಪಿರಬಹುದೇ ಎಂದು ಆಗ ಅನ್ನಿಸಿತು. ಆದರೂ ಹೇಳಿದೆ, “ಕೆರಿನ್, ಅವನು ದಿನಾ ಇಲ್ಲಿ ಬಂದು ಅವಳನ್ನ ಕಾಯ್ತಾನೆ.”

“ಕಾಯ್ಲಿ! ನಿನ್ನ ಯಾರೂ ಕಾಯ್ಲಿಲ್ಲ ಅಂತ ಹೊಟ್ಟೆಕಿಚ್ಚಾ? ಆ ಹುಡುಗ ಶನಿವಾರ ಬಂದು ನನ್ನ ಅಂಗಡಿ ನೆಲ ಒರೆಸ್ತಾನೆ. ಇಪ್ಪತ್ತೈದು ಕಿಲೋ ಹಿಟ್ಟಿನ ಮೂಟೆ ಎರಡೆರಡು ಹೆಗಲಿಗೆ ಹಾಕ್ಕೊಂಡು ಬರ್ತಾನೆ. ನನ್ನ ಗಂಡ ಹದಿನೇಳು ವರ್ಷದಲ್ಲಿ ಒಂದು ಮೂಟೆ ಎತ್ತಿಲ್ಲ, ಬಿಯರ್ ಪೆಟ್ಟಿಗೆ ಬಿಟ್ರೆ. ಈ ಕೊಳಕು ಪುಸ್ತಕಗಳನ್ನ ಮಕ್ಕಳ ಕೈಗೆ ಕೊಡ್ತೀರ, ಇಲ್ಲದ್ದೆಲ್ಲ ತಲೇಲಿ ತುಂಬ್ತೀರ. ಓದಿ ಓದಿ ಇವಳಿಗೆ ನಾಳೆ ಅವನು ಮುಟ್ಟಿದ್ದೆಲ್ಲ ಏಟು ಅನ್ಸತ್ತೆ.”

“ಅವಳು ಕೊನೇವರೆಗೆ ಓದೇ ಇಲ್ಲ,” ಎಂದೆ. “ನೂರ ನಲವತ್ತಕ್ಕೆ ನಿಲ್ಲಿಸ್ತಾಳೆ. ಮುಂದಿನ ಪುಟ ಎಲ್ಲ ಹೊಸದಾಗಿದೆ. ಅದಕ್ಕೇ ಚೀಟಿ ಇಟ್ಟೆ.”

“ಓದಿದೀನಿ,” ಎಂದಳು ಟೀಗನ್.

ಅವಳು ಅಲ್ಲಿದ್ದಾಳೆ ಎನ್ನುವುದನ್ನೇ ನಾವಿಬ್ಬರೂ ಮರೆತಿದ್ದೆವು.

“ಮೊದಲನೇ ಸಲಾನೇ ಪೂರ್ತಿ ಓದಿದೀನಿ. ಒಂದ್ ಸಲ. ಸಾಕಾಯ್ತು.” ಅವಳು ನನ್ನನ್ನು ನೋಡುತ್ತಿದ್ದಳು, ತಾಯಿಯನ್ನಲ್ಲ. “ನನಗೇನೂ ಗೊತ್ತಿಲ್ಲ ಅಂದ್ಕೊಂಡ್ರಿ ಅಲ್ವಾ ಮಿಸ್? ಪೆದ್ದಿ, ಹೃದಯ ನೋಡ್ಕೊಂಡ್ ಓದ್ತಾಳೆ ಅಂತ.”

“ಹಾಗಲ್ಲ—”

“ಮೊದಲನೇ ಅರ್ಧ ನಿಜ ಇದೆ. ಎಲ್ಲ ಹಂಗೇ ಇರತ್ತೆ. ಅವನು ಬರೋದು, ಕಾಯೋದು, ಚೆನ್ನಾಗಿರತ್ತೆ, ನಿಜವಾಗ್ಲೂ ಚೆನ್ನಾಗಿರತ್ತೆ. ಅದಕ್ಕೇ ಮತ್ತೆ ಮತ್ತೆ ಓದ್ತೀನಿ. ಎಲ್ಲಿ ಕೆಡ್ತು ಅಂತ ನೋಡೋಕೆ. ಕೈ ತಿರುಚೋದೂ ನಿಜ. ಅದಾದ್ಮೇಲೆ ಸುಳ್ಳು ಶುರುವಾಗತ್ತೆ.”

“ಯಾವುದು ಸುಳ್ಳು?” ಎಂದು ಕೇಳಿದೆ.

“ಅವಳು ಮನೆಗೆ ಹೋಗ್ತಾಳಲ್ಲ. ಅವಳಮ್ಮ ಬಾಗಿಲು ತೆಗೆದು, ಕೈ ನೋಡಿ, ಒಂದ್ ಮಾತೂ ಕೇಳ್ದೆ ಎಲ್ಲ ನಂಬ್ತಾಳೆ. ಟೀಚರ್ ನಂಬ್ತಾರೆ. ಪೊಲೀಸ್‌ನವಳು ಟೀ ಕೊಡ್ತಾಳೆ.” ಅವಳ ತುಟಿ ಸೊಟ್ಟಗಾಯಿತು. “ನಿಮಗೆ ಹೃದಯ ಅಂಟಿಸ್ಲೇಬೇಕು ಅಂತಿದ್ರೆ ಆ ಭಾಗಕ್ಕೆ ಅಂಟಿಸಿ ಮಿಸ್.”

ಕೆರಿನ್ ಬ್ಯಾಗಿನ ಪಟ್ಟಿ ಬಿಟ್ಟಳು. “ನನ್ನ ಹತ್ರ ನೀನು ಯಾವಾಗ ಬಂದಿದ್ದೆ? ಬಂದಿದ್ರೆ ತಾನೇ ನಂಬೋದು ಬಿಡೋದು?”

“ಈಸ್ಟರ್ ಆದ್ಮೇಲಿನ ಭಾನುವಾರ. ಬೆರಳು ಊದಿತ್ತು. ಯೂಟ್ ಗಾಡಿ ಬಾಗಿಲಿಗೆ ಸಿಕ್ಕೊಳ್ತು ಅಂದೆ. ನೀನು ಫ್ರೀಜರ್‌ನಿಂದ ಬಟಾಣಿ ಪ್ಯಾಕೆಟ್ ತೆಗೆದು ಇಟ್ಟು, ನೋಡ್ಕೊಂಡ್ ಓಡಾಡು ಅಂದೆ.”

“ನೀನೇ ತಾನೇ ಬಾಗಿಲು ಅಂದಿದ್ದು!”

“ಬಾಗಿಲೇ ಮಮ್. ಅದನ್ನ ಹಾಕಿದ್ದು ಯಾರು ಅಂತ ನೀನು ಕೇಳ್ಲಿಲ್ಲ.”

ಹಿಂದಿನ ಕೋಣೆಯ ಬಾಗಿಲಲ್ಲಿ ಮಾರ್ಲೀನ್ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ ತಿಳಿಯದು.

ಶಾಲೆಯಲ್ಲಿ ಕೆಲಸ ಮಾಡುವ ಯಾರಿಗಾದರೂ ಮಗುವೊಂದಕ್ಕೆ ಹಿಂಸೆಯಾಗುತ್ತಿದೆ ಎಂದು ಅನುಮಾನ ಬಂದರೆ, ಅವರೇ ಸರ್ಕಾರದ ಮಕ್ಕಳ ರಕ್ಷಣಾ ಇಲಾಖೆಗೆ ಫೋನ್ ಮಾಡಿ ತಿಳಿಸಬೇಕು. ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಇದರ ತರಬೇತಿಗೆ ನಾನು ಒಂದಿಡೀ ದಿನ ಕೂತಿದ್ದೇನೆ, ಟಿಪ್ಪಣಿ ಬರೆದುಕೊಂಡಿದ್ದೇನೆ. ಫೋನ್ ನಂಬರು ನನ್ನ ಮೇಜಿನ ಹಿಂದಿನ ಗೋಡೆಯ ಮೇಲೆಯೇ ಇತ್ತು, ನಾನೇ ಪ್ಲಾಸ್ಟಿಕ್ ಹಾಕಿ ಅಂಟಿಸಿದ್ದು. ಮೇ ತಿಂಗಳಿಂದ ಅದಕ್ಕೆ ಬೆನ್ನು ಕೊಟ್ಟು ಕೂತು, ಒಂದು ಪುಸ್ತಕದ ಚೀಟಿ ಯಾವ ಬಣ್ಣದ್ದಿರಬೇಕು ಎಂದು ಯೋಚಿಸಿದ್ದೆ.

ರಿಸೀವರ್ ಎತ್ತಿದೆ.

“ಏನ್ ಮಾಡ್ತಿದೀಯ?” ಎಂದಳು ಕೆರಿನ್.

“ತಿಳಿಸ್ಬೇಕು. ಕಾನೂನು.”

“ಕೆಳಗಿಡು. ಇದು ನನ್ನ ಮನೆ ವಿಷಯ. ನನ್ನ ಅಂಗಡಿ ಮುಂದೆ ಪೊಲೀಸ್ ಗಾಡಿ ನಿಲ್ಲಿಸ್ತೀಯಾ? ಅವನ ಮಾವ ಕ್ಲಬ್ಬಿನ ಅಧ್ಯಕ್ಷ, ಈ ಊರಲ್ಲಿ ನಾನು ಇನ್ನು ಯಾರಿಗೆ ಬ್ರೆಡ್ ಮಾರ್ಲಿ?”

“ನಾಳೆ ಪ್ರಿನ್ಸಿಪಾಲ್ ಹತ್ರ ಒಂದು ಮಾತು ಕೇಳಿ ಮಾಡೋಣ, ಗ್ಲೆನಿಸ್,” ಎಂದಳು ಮಾರ್ಲೀನ್. “ದುಡುಕ್ಬೇಡ.”

ಮೊದಲ ಸಲ ನಂಬರು ತಪ್ಪಾಯಿತು. ಎರಡನೇ ಸಲ ಸರಿಯಾಗಿ ಒತ್ತಿದೆ. ಕಿವಿಯಲ್ಲಿ ಸಂಗೀತ ಶುರುವಾಯಿತು. ನಿಮ್ಮ ಕರೆ ನಮಗೆ ಮುಖ್ಯ, ಕಾಯಿರಿ ಎಂದು ಹೆಂಗಸೊಬ್ಬಳು ಹೇಳುತ್ತಿದ್ದಳು.

ಅಷ್ಟರಲ್ಲಿ ರಸ್ತೆಯ ಬಾಗಿಲಿನ ಗಾಜಿಗೆ ಯಾರೋ ಬೆರಳಿನಿಂದ ಬಡಿದರು. ಜೆಡ್. ಹಿಂದೆ ಅವನ ಗಾಡಿ ಎಂಜಿನ್ ಆರಿಸದೆ ನಿಂತಿತ್ತು. ಅವನು ಬಾಗಿಲು ತಳ್ಳಿ ತಲೆ ಮಾತ್ರ ಒಳಗೆ ಹಾಕಿದ.

“ಟೀಗ್, ಮೂರೂವರೆ ಅಂದಿದ್ದೆ ತಾನೇ? ಹಾಯ್ ಕೆರಿನ್.”

ಕೆರಿನ್ ಅವನ ಕಡೆ ನಡೆದಳು. ಅವಳು ಅವನನ್ನು ಒಳಗೆ ಕರೆದು, ನನ್ನ ಮುಂದೆ ನಿಲ್ಲಿಸಿ, ಅವನ ಕ್ಷಮೆ ಕೇಳು ಎಂದು ನನಗೆ ಹೇಳುತ್ತಾಳೆ ಎಂದೇ ನಾನು ತಿಳಿದಿದ್ದೆ.

“ಈಸ್ಟರ್ ಆದ್ಮೇಲೆ ಇವಳ ಬೆರಳು ಊದಿತ್ತಲ್ಲ,” ಎಂದಳು. ಅಂಗಡಿಯಲ್ಲಿ ಗಿರಾಕಿಗಳನ್ನು ಮಾತಾಡಿಸುವ ದನಿಯಲ್ಲೇ ಕೇಳಿದಳು. “ಆ ಯೂಟ್ ಬಾಗಿಲು ಹಾಕಿದ್ದು ಯಾರು ಮಗಾ?”

ಜೆಡ್ ಟೀಗನ್‌ಳ ಕಡೆ ನೋಡಿದ. ನನ್ನ ಕೈಯಲ್ಲಿದ್ದ ಫೋನ್ ನೋಡಿದ. ಆ ಚಂದದ ನಗು ಬಂತು, ಹೋಯಿತು.

“ಅವಳು ಕೈ ಅಡ್ಡ ಇಡಬಾರ್ದಿತ್ತು,” ಎಂದ. “ಹೇಳಿದ್ದೆ ನಾನು. ತೆಗಿ ಅಂತ ಎರಡು ಸಲ ಹೇಳಿದ್ದೆ.”

ಕೆರಿನ್ ಅವನ ಎದೆಗೆ ಅಂಗೈ ಇಟ್ಟು ಹೊರಕ್ಕೆ ತಳ್ಳಿದಳು, ಬಾಗಿಲು ಎಳೆದು ಚಿಲಕ ಹಾಕಿದಳು. ಗಾಜಿನಾಚೆ ಅವನ ಕಪ್ಪು ಸ್ವೆಟರಿನ ಮೇಲೆ ಬೆರಳುಗಳ ಸಮೇತ ಬಿಳಿ ಹಿಟ್ಟಿನ ಗುರುತು ಮೂಡಿತ್ತು. ಅವನು ಎರಡು ಸಲ ಗಾಜಿಗೆ ಗುದ್ದಿದ. ಆಮೇಲೆ ಗಾಡಿ ಹತ್ತಿದ.

ಕೆರಿನ್ ನನ್ನ ಕಡೆ ತಿರುಗಿದಳು. ನಾನು ಏನು ನಿರೀಕ್ಷಿಸಿದ್ದೆನೋ ಗೊತ್ತಿಲ್ಲ. ಅವಳ ಮುಖ ಮೊದಲಿಗಿಂತ ಗಡುಸಾಗಿತ್ತು.

“ನಿನಗೆ ಯಾವಾಗಿಂದ ಗೊತ್ತು?”

“ಗೊತ್ತಿರ್ಲಿಲ್ಲ. ಅನುಮಾನ ಇತ್ತು.”

“ಯಾವಾಗಿಂದ?”

ಸಂಗೀತ ನಿಂತಿತು. ಕಿವಿಯಲ್ಲಿ ನಿಜವಾದ ದನಿ ಬಂತು. ನನ್ನ ಹೆಸರು, ಶಾಲೆ, ಹುಡುಗಿಯ ಹೆಸರು, ವಯಸ್ಸು ಕೇಳಿತು. ಹೇಳಿದೆ. ಆಮೇಲೆ ಅದೂ ಕೆರಿನ್ ಕೇಳಿದ್ದನ್ನೇ ಕೇಳಿತು. “ನಿಮಗೆ ಈ ಆತಂಕ ಶುರುವಾಗಿದ್ದು ಯಾವಾಗ?”

ಈ ವಾರ ಎಂದು ಹೇಳಬಹುದಿತ್ತು. ಹಾಗೆ ಹೇಳಬೇಕೆಂದು ಬಾಯಿಗೆ ಬಂದಿತ್ತು ಕೂಡ.

“ಮೇ ತಿಂಗಳಲ್ಲಿ,” ಎಂದೆ. “ಮೂರು ತಿಂಗಳಾಯ್ತು.”

“ಮೂರು ತಿಂಗಳು,” ಎಂದಳು ಕೆರಿನ್. “ಪ್ರತಿ ಶನಿವಾರ ನನ್ನ ಪಕ್ಕ ನಿಂತು ಬಾಲ್ ಎಸೆದೆ. ಬಂದು ಹೇಳ್ಲಿಲ್ಲ. ಪುಸ್ತಕ ಕೊಟ್ ಕಳಿಸ್ದೆ.” ಆಮೇಲೆ ನನ್ನನ್ನು ಒಂದು ಮಾತು ಬೈದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಸುಳ್ಳು ಎಂದೂ ಹೇಳಲಾರೆ.

“ಮೊದಲ ಘಟನೆ ಯಾವಾಗ ನಡೀತು, ನಿಮಗೆ ತಿಳಿದ ಹಾಗೆ?” ಎಂದು ಫೋನಿನ ದನಿ ಕೇಳಿತು.

“ಈಸ್ಟರ್ ಆದ್ಮೇಲಿನ ಭಾನುವಾರ. ಗಾಡಿಯ ಬಾಗಿಲು—”

“ಅಲ್ಲ,” ಎಂದಳು ಟೀಗನ್.

ಅವಳು ಮುಂದೆ ಬಂದು ಮೇಜಿನ ಆಚೆ ನಿಂತಿದ್ದಳು. ನನ್ನ ಮೇಲಿನ ಸಿಟ್ಟು ಅವಳ ಮುಖದಲ್ಲಿ ಇನ್ನೂ ಹಾಗೇ ಇತ್ತು. ಕೆಲಸ ಬಾರದವಳ ಕೈಯಿಂದ ಕೆಲಸ ಕಿತ್ತುಕೊಳ್ಳುವವರಂತೆ ಕೈ ಚಾಚಿದಳು.

“ಸರಿಯಾಗಿ ಬರ್ಸಕ್ಕೂ ಬರಲ್ವಾ ನಿಮಗೆ? ಈಸ್ಟರ್ ಅಲ್ಲ. ಫೆಬ್ರವರಿ. ಕೊಡಿ ಇಲ್ಲಿ.”